ದೂರದ ಬೆಟ್ಟದ ಬುಡದಲ್ಲಿ ಬಿಡಾರ

ಕೆನಡಾ ದೇಶದ ಪಶ್ಚಿಮದಲ್ಲಿ ಗೋಲ್ಡನ್ ಎಂಬ ಸಣ್ಣ ಪಟ್ಟಣವಿದೆ. ೧೯೧೨ನೆಯ ಇಸವಿಯ ಹೊತ್ತಿಗೆ ಆ ಪಟ್ಟಣದ ಹೊರಗೆ, ಗುಡ್ಡದ ಓರೆಯ ಮೇಲೆ, ರೈಲಿನಲ್ಲಿ ಹೋಗುವವರ ಕಣ್ಣಿಗೆ ಬೀಳುವಂತೆ ಸ್ವಿಟ್ಜರ್ಲೆಂಡಿನ ಮಾದರಿಯ ಆರು ಮರದ ಮನೆಗಳು ತಲೆಯೆತ್ತಿದವು. ಕಟ್ಟಿಸಿದ್ದು ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ. ಆ ಪುಟ್ಟ ಕೇರಿಗೆ ಕಂಪನಿ ಇಟ್ಟ ಹೆಸರು ಎಡೆಲ್‌ವೈಸ್. ಆಲ್ಪ್ಸ್ ಪರ್ವತಗಳ ಎತ್ತರದಲ್ಲಿ ಅರಳುವ ಬಿಳಿಯ ಹೂವಿನ ಹೆಸರು ಅದು.

ಅದರ ಹಿಂದೊಂದು ಕಥೆಯುಂಟು. ೧೮೯೬ರಲ್ಲಿ ಆ ಸೀಮೆಯ ಲೆಫ್ರಾಯ್ ಶಿಖರವನ್ನು ಹತ್ತುವಾಗ ಫಿಲಿಪ್ ಅಬಟ್ ಎಂಬ ಅಮೆರಿಕದ ಆರೋಹಿ ಬಿದ್ದು ಪ್ರಾಣ ಬಿಟ್ಟ. ತನ್ನ ರೈಲು ಹತ್ತಿ ಬರುವ ಸಾಹಸಿಗಳು ಹೀಗೆ ಸಾಯತೊಡಗಿದರೆ ವ್ಯಾಪಾರ ನಡೆದೀತೆ? ಕಂಪನಿ ೧೮೯೯ರಲ್ಲಿ ಸ್ವಿಟ್ಜರ್ಲೆಂಡಿನಿಂದ ಪಳಗಿದ ಪರ್ವತ ಮಾರ್ಗದರ್ಶಿಗಳನ್ನು ಕರೆಸಿತು. ಅವರು ಬೇಸಗೆಯಲ್ಲಿ ಬಂದು ಚಳಿಗಾಲಕ್ಕೆ ತಮ್ಮ ಊರಿಗೆ ಮರಳುತ್ತಿದ್ದರು. ಹೆಂಡತಿ ಮಕ್ಕಳೊಡನೆ ಅವರು ಇಲ್ಲಿಯೇ ನೆಲೆಸಲಿ ಎಂದು ಕಟ್ಟಿದ ಕೇರಿ ಎಡೆಲ್‌ವೈಸ್. ಅರ್ಧ ಶತಮಾನಕ್ಕೂ ಮಿಕ್ಕಿ ಆ ಸ್ವಿಸ್ ಮಾರ್ಗದರ್ಶಿಗಳು ಕೆನಡಾದ ಬೆಟ್ಟಗಳಲ್ಲಿ ಜನರನ್ನು ಹತ್ತಿಸಿ ಇಳಿಸಿದರು. ಅವರ ಹಗ್ಗಕ್ಕೆ ಕಟ್ಟಿಕೊಂಡ ಅತಿಥಿ ಒಬ್ಬನೂ ಸತ್ತದ್ದಿಲ್ಲವೆಂಬುದು ಅವರ ಕೀರ್ತಿ. ಗಂಡಸರಿಗೆ ಬೆಟ್ಟವೇ ಕಸುಬು, ಬೆಟ್ಟವೇ ಸಂತೋಷ. ಆದರೆ ಪೇಟೆಯಿಂದ ದೂರದ ಆ ಗುಡ್ಡದ ಓರೆಯಲ್ಲಿ, ಭಾಷೆ ತಿಳಿಯದ ದೇಶದಲ್ಲಿ, ಹಿಮದಲ್ಲಿ ಸಾಮಾನು ಹೊತ್ತು ಮನೆಗೆ ಹತ್ತಬೇಕಾದವರು ಯಾರು? ರೈಲಿನ ಕಿಟಕಿಯಿಂದ ನೋಡಿದವರಿಗೆ ಆ ಮನೆಗಳು ಚಿತ್ರದಂತೆ ಕಂಡಿರಬೇಕು. ಒಳಗಿದ್ದವರನ್ನು ಕೇಳಿದವರುಂಟೋ ಇಲ್ಲವೋ.

ನೂರು ವರ್ಷದ ಹಿಂದಿನ ಈ ಸಂಗತಿ ನನಗೆ ಮತ್ತೆ ಮತ್ತೆ ನೆನಪಾಗಲು ನಮ್ಮ ಮನೆಯ ವಿದ್ಯಮಾನವೇ ಕಾರಣ. ನನ್ನ ಮಗಳು ಮತ್ತು ಅಳಿಯ ಪರಸ್ಪರ ಕಂಡುಕೊಂಡದ್ದು ರಾಮನಗರದ ಬಂಡೆಗಳ ಮೇಲೆ. ಇತರರ ಮಕ್ಕಳು ಭಾನುವಾರ ಸಿನಿಮಾಕ್ಕೆ ಹೋದರೆ ಇವರು ಹಗ್ಗ, ಕೊಕ್ಕೆ, ಸೀಮೆಸುಣ್ಣದ ಪುಡಿಯ ಚೀಲ ಹಿಡಿದು ಬೆಳಗಿನ ಐದಕ್ಕೆ ಹೊರಡುತ್ತಿದ್ದರು. ಆತನದು ಸಾಫ್ಟ್‌ವೇರ್ ಕೆಲಸ, ಆಕೆಯದು ಫಿಜಿಯೋಥೆರಪಿ. ಈಗ ನಾಲ್ಕು ವರ್ಷದ ಗಂಡು ಮಗುವಿದೆ. ಹೊರದೇಶದಲ್ಲಿ, ದೊಡ್ಡ ಪರ್ವತಗಳ ಮಗ್ಗುಲಲ್ಲಿ ನೆಲೆಸಬೇಕೆಂಬುದು ಇಬ್ಬರ ಆಸೆ. ಅಳಿಯನಿಗೆ ನಾಲ್ಕಾರು ದೇಶಗಳಲ್ಲಿ ಕೆಲಸ ದೊರೆಯುವ ಸಂಭವವೂ ಇತ್ತು. ಯಾವ ಊರು ಎಂಬುದೊಂದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಆರು ತಿಂಗಳು ನಮ್ಮ ಊಟದ ಮೇಜು ಭೂಪಟಗಳಿಂದ ತುಂಬಿಹೋಗಿತ್ತು. ಕೊನೆಗೆ ಎರಡು ಊರುಗಳನ್ನು ಕಣ್ಣಾರೆ ನೋಡಿ ಬರೋಣವೆಂದು ಹೊರಟಾಗ ಮಗುವನ್ನು ನೋಡಿಕೊಳ್ಳುವ ನೆಪದಲ್ಲಿ ನನ್ನನ್ನೂ ಕರೆದೊಯ್ದರು.

ಮೊದಲು ನೋಡಿದ್ದು ಫ್ರಾನ್ಸಿನ ಶಮೊನಿ. ಪರ್ವತಾರೋಹಿಗಳಿಗೆ ಇದು ಕಾಶಿ ಇದ್ದಂತೆ. ಸಮುದ್ರಮಟ್ಟದಿಂದ ೧೦೩೫ ಮೀಟರು ಎತ್ತರದಲ್ಲಿ, ಅಂದರೆ ನಮ್ಮ ಮಡಿಕೇರಿಗಿಂತ ತಗ್ಗಿನಲ್ಲಿ, ಈ ಊರಿದೆ. ಆದರೆ ಕತ್ತೆತ್ತಿ ನೋಡಿದರೆ ೪೮೦೦ ಮೀಟರು ಮೀರಿದ ಮಾಂಟ್ ಬ್ಲಾಂಕ್ ಶಿಖರ ಮೈಮೇಲೆ ಬಿದ್ದಂತೆ ನಿಂತಿದೆ. ೧೭೮೬ರ ಆಗಸ್ಟ್ ೮ರಂದು ಈ ಊರಿನವರೇ ಆದ ಹರಳುಗಲ್ಲು ಹುಡುಕುವ ಜಾಕ್ ಬಲ್ಮಾ ಮತ್ತು ವೈದ್ಯ ಮಿಷೆಲ್ ಪಕ್ಕಾರ್ ಮೊಟ್ಟಮೊದಲು ಆ ಶಿಖರ ಮುಟ್ಟಿದರು. ಹತ್ತಿದವರಿಗೆ ಬಹುಮಾನವೆಂದು ಜಿನೀವಾದ ವಿಜ್ಞಾನಿ ದ ಸೊಸ್ಯೂರ್ ಸಾರಿ ಇಪ್ಪತ್ತಾರು ವರ್ಷಗಳಾಗಿದ್ದವು. ಊರ ನಡುವೆ ೧೮೮೭ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ಬಲ್ಮಾ ಶಿಖರದ ಕಡೆ ಕೈ ತೋರುತ್ತಿದ್ದಾನೆ, ಸೊಸ್ಯೂರ್ ನೋಡುತ್ತಿದ್ದಾನೆ. ಜೊತೆಗೆ ಹತ್ತಿದ ವೈದ್ಯನಿಗೆ ಅದರಲ್ಲಿ ಜಾಗವಿಲ್ಲ! ಬಹಳ ಕಾಲದ ಮೇಲೆ ಆತನಿಗೂ ಬೇರೆಯೊಂದು ಪ್ರತಿಮೆಯಾಯಿತು.

ಪರ್ವತ ಮಾರ್ಗದರ್ಶಿಗಳ ಸಂಘ ಇಲ್ಲಿ ೧೮೨೧ರಲ್ಲಿಯೇ ಸ್ಥಾಪಿತವಾಯಿತು. ೧೯೨೪ರಲ್ಲಿ ಪ್ರಪಂಚದ ಮೊದಲ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದದ್ದು ಈ ಕಣಿವೆಯಲ್ಲಿ. ೧೯೫೫ರಿಂದ ಕೇಬಲ್ ಕಾರೊಂದು ಪಟ್ಟಣದ ಅಂಚಿನಿಂದ ಹೊರಟು ೩೮೪೨ ಮೀಟರಿನ ಎಗ್ವೀ ದ್ಯು ಮಿದಿ ಶಿಖರದ ಹತ್ತಿರಕ್ಕೆ ಜನರನ್ನು ಒಯ್ಯುತ್ತಿದೆ. ಬೆಳಗ್ಗೆ ಬ್ರೆಡ್ಡು ಕೊಳ್ಳಲು ಬಂದವರ ಬೆನ್ನಿಗೂ ಹಗ್ಗದ ಸುರುಳಿ! ನನ್ನ ಮಗಳೂ ಅಳಿಯನೂ ಆ ಮೊದಲ ದಿನ ಮಾತನ್ನೇ ಮರೆತಿದ್ದರು.

ಎರಡನೆಯ ದಿನ ಬಾಡಿಗೆ ಮನೆ ವಿಚಾರಿಸಲು ಹೊರಟೆವು. ಬೀದಿ ಬೀದಿಯಲ್ಲಿ ಹೂಕುಂಡಗಳಿಂದ ಶೃಂಗರಿಸಿದ ಮನೆಗಳಿವೆ. ಕಿಟಕಿಗಳು ಮಾತ್ರ ಮುಚ್ಚಿವೆ. ಈ ಊರಿನ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆಡೆ ವಾಸಿಸುವ ಸ್ಥಿತಿವಂತರ ರಜೆಯ ಮನೆಗಳು. ವರ್ಷದಲ್ಲಿ ಕೆಲವೇ ವಾರ ಅವುಗಳಲ್ಲಿ ದೀಪ ಹತ್ತುತ್ತದೆ. ಊರಿನ ಜನಸಂಖ್ಯೆ ಒಂಬತ್ತು ಸಾವಿರದ ಸುಮಾರು. ಆ ಒಂಬತ್ತು ಸಾವಿರಕ್ಕೂ ಬಾಡಿಗೆಯ ಬಿಸಿ. ಹೋಟೆಲು, ಅಂಗಡಿ, ಸ್ಕೀ ಕಲಿಸುವ ಶಾಲೆ ಇವುಗಳಲ್ಲಿ ದುಡಿಯುವ ಎಳೆಯರು ಒಂದೇ ಕೋಣೆಯಲ್ಲಿ ಮೂವರು ನಾಲ್ವರು ಮಲಗುವುದುಂಟು. ಬೆಟ್ಟಕ್ಕಾಗಿ ಬಂದವನಿಗೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅದು ಸಾಹಸ. ಮಗುವಿರುವ ಸಂಸಾರಕ್ಕೆ ಅದು ಬೇರೆಯೇ ಮಾತು.

ಕಾಗದಪತ್ರಗಳ ತೊಡಕು ಇನ್ನೊಂದು. ವರ್ಷಾನುಗಟ್ಟಲೆ ಇಂಗ್ಲೆಂಡಿನ ಯುವಕರು ಚಳಿಗಾಲ ಬಂತೆಂದರೆ ಆಲ್ಪ್ಸ್ ಊರುಗಳಿಗೆ ಬಂದು, ಹೋಟೆಲುಗಳಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಸ್ಕೀ ಆಡುತ್ತಿದ್ದರು. ೨೦೨೦ರ ಡಿಸೆಂಬರ್ ಅಂತ್ಯಕ್ಕೆ ಬ್ರಿಟನ್ನಿನ ಆ ಸ್ವಾತಂತ್ರ್ಯ ಮುಗಿಯಿತು. ನಮ್ಮಂತೆಯೇ ಅವರಿಗೂ ಈಗ ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನದ ಗಡುವು. ದುಡಿಯಬೇಕಾದರೆ ಬೇರೆ ಪರವಾನಗಿ. ಎಂದರೆ, ಕೆಲಸ ಮೊದಲು, ಬೆಟ್ಟ ಆಮೇಲೆ. ಶಮೊನಿಯಲ್ಲಿ ಅಳಿಯನ ವಿದ್ಯೆಗೆ ತಕ್ಕ ಕಚೇರಿಗಳು ವಿರಳ. ಬೆಟ್ಟದ ಆ ಕಡೆ ಈ ಕಡೆ ದೊಡ್ಡ ನಗರವೆಂದರೆ ಜಿನೀವಾ. ಅದು ಇನ್ನೊಂದು ದೇಶ.

ಶಮೊನಿಯನ್ನು ಹೊಗಳಲೇಬೇಕಾದ ವಿಷಯವೊಂದಿದೆ. ೧೯೫೬ರ ಕೊನೆಯಲ್ಲಿ ವೆನ್ಸಾಂದೊನ್, ಆನ್ರಿ ಎಂಬ ಇಬ್ಬರು ತರುಣರು ಮಾಂಟ್ ಬ್ಲಾಂಕಿನ ಮೇಲೆ ಹಿಮದಲ್ಲಿ ಸಿಕ್ಕಿಬಿದ್ದರು. ಅವರನ್ನು ತರಲು ಹೋದ ಹೆಲಿಕಾಪ್ಟರೂ ಕೆಡೆದುಬಿತ್ತು. ಊರಿಗೆ ಊರೇ ದುರ್ಬೀನಿನಲ್ಲಿ ನೋಡುತ್ತಿರುವಾಗ ಆ ಇಬ್ಬರು ದಿನಗಟ್ಟಲೆ ನರಳಿ ಸತ್ತರು. ಆ ಲಜ್ಜೆಯ ಫಲವಾಗಿ ೧೯೫೮ರಲ್ಲಿ ಇಲ್ಲಿ ಸರ್ಕಾರದ ಪರ್ವತ ರಕ್ಷಣಾ ದಳ ಹುಟ್ಟಿತು. ಫ್ರಾನ್ಸಿನ ಪರ್ವತಗಳಲ್ಲಿ ಅಪಾಯಕ್ಕೆ ಸಿಕ್ಕವನನ್ನು ಈ ದಳ ಹಣ ಕೇಳದೆ ಹೊತ್ತು ತರುತ್ತದೆ. ಸ್ವಿಟ್ಜರ್ಲೆಂಡಿನಲ್ಲೂ ಆಸ್ಟ್ರಿಯಾದಲ್ಲೂ ಹೆಲಿಕಾಪ್ಟರು ಬಂದರೆ ಹಿಂದೆಯೇ ಬಿಲ್ಲೂ ಬರುತ್ತದೆ. ಹೀಗಾಗಿ ಅಲ್ಲಿ ವಿಮೆಯಿಲ್ಲದೆ ಬೆಟ್ಟ ಹತ್ತುವವರು ಬುದ್ಧಿವಂತರಲ್ಲ.

ಮೂರನೆಯ ದಿನ ಕಣಿವೆಯ ಮೇಲ್ತುದಿಯ ಮೊಂಟ್ರಾಕ್ ಎಂಬ ಹಳ್ಳಿಯ ಕಡೆ ನಡೆದುಹೋದೆವು. ೧೯೯೯ರ ಫೆಬ್ರವರಿ ೯ರಂದು ಎದುರು ಬೆಟ್ಟದಿಂದ ಉರುಳಿದ ಹಿಮರಾಶಿ ಇಲ್ಲಿ ಮನೆಗಳನ್ನು ನೆಲಸಮ ಮಾಡಿ ಹನ್ನೆರಡು ಜನರನ್ನು ಕೊಂದಿತು. ಅವರು ಸ್ಕೀ ಆಡಲು ಹೋದವರಲ್ಲ, ಮನೆಯೊಳಗೆ ಇದ್ದವರು. ಮನೆಗಳಿದ್ದ ಜಾಗ ಹಿಮದ ಹಾದಿಯಿಂದ ಹೊರಗಿದೆಯೆಂದೇ ಪುರಸಭೆಯ ನಕ್ಷೆಯಲ್ಲಿ ಬಿಳಿಯ ಬಣ್ಣದಲ್ಲಿ ತೋರಿಸಿತ್ತು. ಜನರನ್ನು ಸಕಾಲದಲ್ಲಿ ಖಾಲಿ ಮಾಡಿಸಲಿಲ್ಲವೆಂದು ಊರಿನ ಮೇಯರಿಗೆ ೨೦೦೩ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಸೆರೆವಾಸವನ್ನು ಮಾತ್ರ ಅಮಾನತಿನಲ್ಲಿ ಇಟ್ಟಿತು. ಅದೇ ತಿಂಗಳು ಆಸ್ಟ್ರಿಯಾದ ಗಾಲ್ಟ್ಯೂರ್ ಹಳ್ಳಿಯಲ್ಲಿ ಮೂವತ್ತೊಂದು ಜನ ಹೀಗೆಯೇ ಸತ್ತರು. ಇತ್ತೀಚೆಗೆ, ೨೦೨೫ರ ಮೇ ೨೮ರಂದು, ಸ್ವಿಟ್ಜರ್ಲೆಂಡಿನ ಬ್ಲಾಟೆನ್ ಎಂಬ ಹಳ್ಳಿಯ ಮೇಲೆ ಹಿಮನದಿಯೇ ಕುಸಿದು ಹಳ್ಳಿಯ ಬಹುಭಾಗ ಮಣ್ಣುಪಾಲಾಯಿತು. ಸುಮಾರು ಮುನ್ನೂರು ಜನರನ್ನು ಒಂಬತ್ತು ದಿನ ಮುಂಚೆಯೇ ತೆರವು ಮಾಡಿಸಿದ್ದರಿಂದ ಜೀವಹಾನಿ ಒಬ್ಬನಿಗೆ ಮುಗಿಯಿತು. ಬೆಟ್ಟದೂರಿನಲ್ಲಿ ಮನೆ ನೋಡುವವರು ಅಡಿಗೆಮನೆ ದೊಡ್ಡದಿದೆಯೇ ಎಂದು ವಿಚಾರಿಸುವ ಮೊದಲು ಪುರಸಭೆಗೆ ಹೋಗಿ ಅಪಾಯದ ನಕ್ಷೆ ಕೇಳಬೇಕು. ಇದು ಮುದುಕನ ಹೆದರಿಕೆಯಲ್ಲ; ಅಲ್ಲಿನವರೇ ಹಾಗೆ ಮಾಡುತ್ತಾರೆ.

ಬಿಸಿಲಿನ ವಿಚಾರವನ್ನೂ ಹೇಳಬೇಕು. ನಮಗೆ ಬಿಸಿಲು ಬೇಡವೆಂದರೂ ಬರುವ ನೆಂಟ. ಆಳವಾದ ಕಣಿವೆಗಳಲ್ಲಿ ಹಾಗಲ್ಲ. ನಾರ್ವೆ ದೇಶದಲ್ಲಿ ರ್ಯೂಕನ್ ಎಂಬ ಊರಿದೆ. ಹೆಪ್ಪುಗಟ್ಟಿದ ಜಲಪಾತಗಳನ್ನು ಹತ್ತುವವರಿಗೆ ಅದು ಸ್ವರ್ಗ. ಆದರೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಊರಿಗೆ ಸೂರ್ಯದರ್ಶನವಿಲ್ಲ. ಸುತ್ತಲ ಬೆಟ್ಟಗಳೇ ಅಡ್ಡ. ೧೯೨೮ರಲ್ಲಿ ಅಲ್ಲಿನ ಕಾರ್ಖಾನೆಯವರು ಜನರು ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಲೆಂದೇ ಕೇಬಲ್ ಕಾರು ಹಾಕಿಸಿದರು. ೨೦೧೩ರಲ್ಲಿ ಬೆಟ್ಟದ ನೆತ್ತಿಯ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರ ಚೌಕಕ್ಕೆ ಬಿಸಿಲನ್ನು ಬೀಳಿಸಿದರು. ಹಬ್ಬದ ಊಟಕ್ಕೆ ಸೇರಿದಂತೆ ಜನ ಆ ಬೆಳಕಿನ ತುಂಡಿನಲ್ಲಿ ನಿಲ್ಲುತ್ತಾರಂತೆ. ಮಗಳು ಇದನ್ನು ಕೇಳಿ, "ಅಪ್ಪಾ, ಆ ಊರಿನ ಹೆಸರು ಪಟ್ಟಿಯಲ್ಲಿ ಬೇಡ, ಹೊಡೆದುಹಾಕಿ" ಎಂದಳು.

ಸ್ವಿಟ್ಜರ್ಲೆಂಡನ್ನು ಹೊಡೆದುಹಾಕಿದ್ದು ಅಷ್ಟೇ ಬೇಗ. ಆಲ್ಬಿನೆನ್ ಎಂಬ ಹಳ್ಳಿ ನೆಲೆಸಲು ಬರುವ ಪ್ರತಿ ವಯಸ್ಕರಿಗೆ ೨೫,೦೦೦ ಫ್ರಾಂಕ್ ಕೊಡುತ್ತದೆಂಬ ಸುದ್ದಿ ೨೦೧೭ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು; ನಮ್ಮ ನೆಂಟರಲ್ಲಿ ಮೂವರು ಆ ಕತ್ತರಿಕೆಯನ್ನು ಅಳಿಯನಿಗೆ ಕಳಿಸಿದ್ದರು. ಯಾರೂ ಪೂರ್ತಿ ಓದಿರಲಿಲ್ಲ. ವಯಸ್ಸು ನಲವತ್ತೈದರೊಳಗಿರಬೇಕು, ಎರಡು ಲಕ್ಷ ಫ್ರಾಂಕಿನ ಮನೆ ಕೊಳ್ಳಬೇಕು ಅಥವಾ ಕಟ್ಟಿಸಬೇಕು, ಹತ್ತು ವರ್ಷ ಅಲ್ಲಿರಬೇಕು. ಎಲ್ಲಕ್ಕೂ ಮಿಗಿಲಾಗಿ ಸ್ವಿಸ್ ಪ್ರಜೆಯಾಗಿರಬೇಕು ಇಲ್ಲವೆ ಶಾಶ್ವತ ವಾಸದ ಪರವಾನಗಿ ಪಡೆದವರಾಗಿರಬೇಕು. ಯೂರೋಪಿನ ಹೊರಗಿನಿಂದ ದುಡಿಯಲು ಬರುವವರಿಗೆ ಆ ದೇಶದಲ್ಲಿ ವರ್ಷಕ್ಕಿಷ್ಟೆಂದು ಲೆಕ್ಕ ಕಟ್ಟಿಟ್ಟಿದ್ದಾರೆ. ಜರ್ಮಾಟ್, ಮ್ಯಾಟರ್‌ಹಾರ್ನ್ ಎಲ್ಲವೂ ಕ್ಯಾಲೆಂಡರಿನಲ್ಲೇ ಚೆನ್ನ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಸೊಗಸಾದ ಜಾಗವೇ. ಜುಲೈ ತಿಂಗಳಲ್ಲಿ ಅಲ್ಲಿ ಸ್ಕೀ ಆಡಬಹುದು. ಮನೆಯ ಬೆಲೆ ಮಾತ್ರ ಶಮೊನಿಯ ತಂಗಿ. ತಾಯಿಗೆ ಮೈ ಸರಿಯಿಲ್ಲವೆಂದು ತಂತಿ ಹೋದರೆ ಬೆಂಗಳೂರಿಗೆ ಬರಲು ಒಂದು ಹಗಲು ಒಂದು ರಾತ್ರಿ ಸಾಲದೆಂದು ನನ್ನ ಹೆಂಡತಿ ಲೆಕ್ಕ ಹಾಕಿದಳು. ಈಗ ತಂತಿ ಎಲ್ಲಿದೆ ಎಂದು ಮಗಳು ನಕ್ಕರೂ ಲೆಕ್ಕ ಸರಿಯಾಗಿತ್ತು.

ಉಳಿದದ್ದು ಎರಡು: ಕೆನಡಾದ ಕ್ಯಾಲ್ಗರಿ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್.

ನಾನು ಕ್ಯಾಲ್ಗರಿಯ ಪಕ್ಷ. ಇಂಗ್ಲಿಷ್ ನಡೆಯುವ ಊರು. ವಯಸ್ಸು, ವಿದ್ಯೆ, ಅನುಭವ ಇವುಗಳಿಗೆ ಅಂಕ ಹಾಕಿ ಶಾಶ್ವತ ವಾಸಕ್ಕೆ ಅನುಮತಿ ಕೊಡುವ ಪದ್ಧತಿ. ಕೆಲಸಗಳೂ ಉಂಟು, ಕನ್ನಡದ ಕುಟುಂಬಗಳೂ ಉಂಟು. ೧೯೮೮ರ ಚಳಿಗಾಲದ ಒಲಿಂಪಿಕ್ ನಡೆದ ನಗರ. ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರು ಹೋದರೆ ಕ್ಯಾನ್‌ಮೋರ್ ಎಂಬ ಬೆಟ್ಟದೂರು. ೧೯೭೯ರವರೆಗೆ ಅಲ್ಲಿ ಕಲ್ಲಿದ್ದಲ ಗಣಿಯಿತ್ತು. ಈಗ ಗಣಿಯ ಜಾಗದಲ್ಲಿ ಬಂಡೆ ಹತ್ತುವವರೂ ಸ್ಕೀ ಆಡುವವರೂ ತುಂಬಿದ್ದಾರೆ. ಇನ್ನೂ ಮುಂದೆ ಹೋದರೆ ಬ್ಯಾನ್ಫ್. ಅದು ರಾಷ್ಟ್ರೀಯ ಉದ್ಯಾನದ ಒಳಗಿನ ಪಟ್ಟಣವಾದ್ದರಿಂದ ಅಲ್ಲಿ ವಾಸಿಸಲು ಕಾರಣ ತೋರಿಸಬೇಕು. ಅಲ್ಲಿಯೇ ಉದ್ಯೋಗವೋ ವ್ಯಾಪಾರವೋ ಇದ್ದರೆ ಸರಿ. ಬೆಟ್ಟದ ಮೇಲಿನ ಪ್ರೀತಿಯೊಂದೇ ಇದ್ದರೆ ಸಾಲದು! ಭೂಮಿಯೂ ಸರ್ಕಾರದ್ದು, ಗುತ್ತಿಗೆಗೆ ಮಾತ್ರ ಸಿಗುತ್ತದೆ. ಎಲ್ಲ ಬೆಟ್ಟದೂರುಗಳೂ ಈ ನಿಯಮ ಮಾಡಿದ್ದರೆ ಶಮೊನಿಯ ಕಿಟಕಿಗಳು ತೆರೆದಿರುತ್ತಿದ್ದವೋ ಏನೋ.

ಇನ್ಸ್‌ಬ್ರುಕ್ಕನ್ನು ನಾನು ಒಪ್ಪಲು ಸಿದ್ಧನಿರಲಿಲ್ಲ. ಬೆಂಗಳೂರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿರುವ ಊರಿಗೆ ಬೆಟ್ಟ ಹುಡುಕಿಕೊಂಡು ಹೋಗುವುದೇ ಎಂದು ಹಾಸ್ಯ ಮಾಡಿದ್ದೆ. ರೈಲಿನಿಂದ ಇಳಿದು ಊರ ನಡುವಣ ದೊಡ್ಡ ಬೀದಿಗೆ ಬಂದಾಗ ಬಾಯಿ ಕಟ್ಟಿತು. ಬೀದಿಯ ಕೊನೆಯಲ್ಲಿ ಗೋಡೆ ಎದ್ದಂತೆ ಉತ್ತರದ ಪರ್ವತಶ್ರೇಣಿ; ಅದರ ಕೆಳಗೆ ಟ್ರಾಮುಗಳು, ವಿದ್ಯಾರ್ಥಿಗಳು, ತರಕಾರಿ ಕೊಳ್ಳುವ ಹೆಂಗಸರು. ಇದು ಬೆಟ್ಟಕ್ಕಾಗಿ ಹುಟ್ಟಿದ ಊರಲ್ಲ; ೧,೩೦,೦೦೦ದಷ್ಟು ಜನರಿರುವ, ೧೬೬೯ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವುಳ್ಳ, ಆಸ್ಪತ್ರೆ ಕಚೇರಿಗಳುಳ್ಳ ನಿಜವಾದ ನಗರ. ನಡುಪೇಟೆಯಲ್ಲಿ ಹತ್ತಿದರೆ ಮೊದಲು ಹಳಿಯ ಮೇಲೆ, ಆಮೇಲೆ ಕೇಬಲ್ ಕಾರಿನಲ್ಲಿ, ಅರ್ಧ ಗಂಟೆಯ ಸುಮಾರಿಗೆ ೨೨೦೦ ಮೀಟರು ದಾಟಿದ ಹಾಫೆಲೆಕಾರ್ ನಿಲ್ದಾಣ. ಆ ಕೇಬಲ್ ಮಾರ್ಗ ೧೯೨೮ರಿಂದ ನಡೆಯುತ್ತಿದೆ. ನಂಗಾ ಪರ್ಬತವನ್ನು ೧೯೫೩ರ ಜುಲೈ ೩ರಂದು ಒಂಟಿಯಾಗಿ ಹತ್ತಿದ ಹರ್ಮನ್ ಬೂಲ್ ಈ ಊರಿನ ಹುಡುಗ.

ಚಳಿಗಾಲದ ಒಲಿಂಪಿಕ್ ಇಲ್ಲಿ ೧೯೬೪ರಲ್ಲೂ ೧೯೭೬ರಲ್ಲೂ ನಡೆಯಿತು. ೧೯೬೪ರಲ್ಲಿ ಹಿಮವೇ ಬೀಳಲಿಲ್ಲ! ಸೈನಿಕರು ಬೆಟ್ಟದ ಮೇಲಿನಿಂದ ಹಿಮವನ್ನು ಹೊತ್ತು ತಂದು ಆಟದ ಜಾಡುಗಳಿಗೆ ಸುರಿದರು. ಭಾರತದ ಹೆಸರಿನಲ್ಲಿ ಚಳಿಗಾಲದ ಒಲಿಂಪಿಕ್ಕಿಗೆ ಮೊಟ್ಟಮೊದಲು ಇಳಿದ ಸ್ಕೀ ಆಟಗಾರ, ಪೋಲೆಂಡಿನ ಮೂಲದ ಜೆರೆಮಿ ಬುಯಕೋವ್‌ಸ್ಕಿ, ಆಡಿದ್ದು ಆ ವರ್ಷವೇ. ಅಂದು ಹಿಮದ ಅಭಾವ ಒಂದು ವರ್ಷದ ಪೇಚಾಟ. ಇಂದು ಅದು ಮಗುವಿನ ಭವಿಷ್ಯದ ಲೆಕ್ಕ. ಶಮೊನಿಯ ಮೇರ್ ದ ಗ್ಲಾಸ್ ಹಿಮನದಿ ಎಷ್ಟು ಕುಗ್ಗಿದೆಯೆಂದರೆ ಹಿಂದೆ ರೈಲುನಿಲ್ದಾಣದ ಬಳಿಯೇ ಇದ್ದ ಮಂಜುಗಡ್ಡೆಯನ್ನು ಮುಟ್ಟಲು ನೂರಾರು ಮೆಟ್ಟಿಲು ಇಳಿಯಬೇಕಾಯಿತು. ಬೊಲಿವಿಯಾದ ಚಾಕಲ್ತಾಯಾದಲ್ಲಿ ಸಮುದ್ರಮಟ್ಟದಿಂದ ಐದು ಸಾವಿರ ಮೀಟರಿಗೂ ಮೇಲೆ ಸ್ಕೀ ಆಡುತ್ತಿದ್ದರು. ಆ ಹಿಮನದಿ ೨೦೦೯ರಲ್ಲಿ ಪೂರ್ತಿ ಕರಗಿಹೋಯಿತು. ಸ್ಕೀಯೊಂದನ್ನೇ ನಂಬಿ ತಗ್ಗಿನ ಊರಿನಲ್ಲಿ ಮನೆ ಕೊಳ್ಳುವವರು ಇದನ್ನು ಯೋಚಿಸಬೇಕು. ಬಂಡೆ ಕರಗುವುದಿಲ್ಲ, ಅಷ್ಟರ ಮಟ್ಟಿಗೆ ರಾಮನಗರದವರು ಸುಖಿಗಳು.

ಇನ್ಸ್‌ಬ್ರುಕ್ಕಿನಲ್ಲಿ ಅಳಿಯನ ಕೆಲಸಕ್ಕೆ ತೊಂದರೆಯಿಲ್ಲ. ಆಸ್ಟ್ರಿಯಾದವರೂ ಅಂಕ ಹಾಕಿಯೇ ಕೆಂಪು-ಬಿಳಿ-ಕೆಂಪು ಚೀಟಿ ಎಂಬ ಪರವಾನಗಿ ಕೊಡುತ್ತಾರೆ. ಹೆಂಡತಿಗೂ ದುಡಿಯಲು ಅಡ್ಡಿಯಿಲ್ಲ. ಆದರೆ ಮಗಳ ಕಸುಬು ರೋಗಿಗಳ ಮೈಮುಟ್ಟಿ ಮಾತನಾಡಿಸಿ ಮಾಡುವಂಥದು. ಜರ್ಮನ್ ಕಲಿತು ಪರೀಕ್ಷೆ ಕೊಟ್ಟು, ಪದವಿಗೆ ಅಲ್ಲಿ ಮಾನ್ಯತೆ ಪಡೆಯುವವರೆಗೆ ಆಕೆ ಮನೆಯಲ್ಲಿ ಕೂರಬೇಕು. ಎರಡು ವರ್ಷವಾದರೂ ಹಿಡಿದೀತು. ಕೆನಡಾದಲ್ಲಿಯೂ ಪರೀಕ್ಷೆಯುಂಟು, ಭಾಷೆಯ ಕಷ್ಟವಿಲ್ಲ. ಗೋಲ್ಡನ್ನಿನ ಗುಡ್ಡ ಹತ್ತಿದ ಆ ಸ್ವಿಸ್ ಹೆಂಗಸರು ನನ್ನ ಕಣ್ಣಮುಂದೆ ನಿಂತರು. ಇದನ್ನೇ ಹೇಳಿ ಕ್ಯಾಲ್ಗರಿಯೇ ಲೇಸೆಂದೆ. ಅಳಿಯನೂ ತಲೆದೂಗಿದ.

ಇನ್ ನದಿಯ ಸೇತುವೆಯ ಮೇಲೆ ನಿಂತಿದ್ದೆವು. ಮಗು ನನ್ನ ಕೈ ಹಿಡಿದಿತ್ತು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ಇವನು ಹುಟ್ಟಿದ ಮೇಲೆ ನಾನು ಎಷ್ಟು ಸಲ ಬಂಡೆ ಹತ್ತಿದ್ದೇನೆ, ಹೇಳಿ ನೋಡೋಣ."

ನನಗೆ ಗೊತ್ತಿರಲಿಲ್ಲ. ಅಳಿಯನಿಗೆ ಗೊತ್ತಿತ್ತು, ಆತ ನೀರು ನೋಡುತ್ತಿದ್ದ.

"ಆರು ಸಲ. ನಾಲ್ಕು ವರ್ಷದಲ್ಲಿ ಆರು ಸಲ. ಇವರು ತಿಂಗಳಿಗೆ ಎರಡು ಸಲವಾದರೂ ಹೋಗುತ್ತಾರೆ. ಹೋಗಬೇಡಿ ಎಂದು ನಾನೂ ಹೇಳಲಿಲ್ಲ, ನೀನೂ ಬಾ ಎಂದು ಇವರು ಕರೆಯದೆಯೂ ಇಲ್ಲ. ರಾಮನಗರಕ್ಕೆ ಹೋಗಿ ಬರಲು ಒಂದು ದಿನ ಬೇಕು. ಮಗುವನ್ನು ಬಿಟ್ಟು ಇಬ್ಬರೂ ಒಂದು ದಿನ ಹೋಗಲಾಗದು. ಆಗ ಯಾರು ಉಳಿಯುತ್ತಾರೆ? ಕ್ಯಾಲ್ಗರಿಯಿಂದ ಬೆಟ್ಟಕ್ಕೆ ನೂರು ಕಿಲೋಮೀಟರು ಅಂದಿರಿ. ಅಲ್ಲಿಯೂ ಒಂದು ದಿನವೇ. ಇಲ್ಲಿ ಸಂಜೆ ಐದಕ್ಕೆ ಇವರು ಬಂದರೆ ನಾನು ಟ್ರಾಮು ಹತ್ತಿ ಹೋಗಿ ಎಂಟಕ್ಕೆ ಊಟಕ್ಕೆ ಬರಬಹುದು. ಬೇಸಗೆಯಲ್ಲಿ ಆಗಲೂ ಬೆಳಕಿರುತ್ತದಂತೆ."

"ಎರಡು ವರ್ಷ ಕೆಲಸವಿಲ್ಲದೆ?" ಎಂದೆ.

"ಎರಡು ವರ್ಷ ಜರ್ಮನ್ ಕಲಿಯುತ್ತೇನೆ. ಬಂಡೆಯಿಲ್ಲದೆ ನಾಲ್ಕು ವರ್ಷ ಕಳೆದಿಲ್ಲವೇ?"

ಎತ್ತರ, ಹಿಮದ ಆಳ, ಬಾಡಿಗೆ, ಪರವಾನಗಿ ಎಲ್ಲವನ್ನೂ ನಾನು ಕಾಗದದ ಮೇಲೆ ಗೆರೆ ಎಳೆದು ಬರೆದಿದ್ದೆ. ಮನೆಯ ಬಾಗಿಲಿನಿಂದ ಬೆಟ್ಟದ ಬುಡಕ್ಕೆ ಎಷ್ಟು ಹೊತ್ತು ಎಂಬ ಅಂಕಣ ಅದರಲ್ಲಿತ್ತು. ಮನೆಯಲ್ಲಿ ಯಾರಿಗೆ ಎಷ್ಟು ಹೊತ್ತು ಎಂಬುದು ಇರಲಿಲ್ಲ.

ಇನ್ಸ್‌ಬ್ರುಕ್ಕಿನ ದೋಷಗಳನ್ನು ಮುಚ್ಚಿಡುವುದಿಲ್ಲ. ಬಾಡಿಗೆ ಅಲ್ಲಿಯೂ ದುಬಾರಿಯೇ. ವಿದ್ಯಾರ್ಥಿಗಳು ಮನೆಗಾಗಿ ಪೈಪೋಟಿ ನಡೆಸುತ್ತಾರೆ. ದಕ್ಷಿಣದಿಂದ ಫ್ಯೋನ್ ಎಂಬ ಬಿಸಿಗಾಳಿ ಬೀಸಿದಾಗ ಊರಿನ ಅರ್ಧ ಜನ ತಲೆನೋವೆಂದು ದೂರುತ್ತಾರೆ. ೧೮೬೨ರಷ್ಟು ಹಳೆಯದಾದ ಆಸ್ಟ್ರಿಯಾದ ಆಲ್ಪೈನ್ ಸಂಘದ ಪ್ರಧಾನ ಕಚೇರಿ ಇಲ್ಲಿದೆ. ಸದಸ್ಯರಾದರೆ ರಕ್ಷಣೆಯ ಖರ್ಚಿಗೆ ವಿಮೆಯೂ ಸೇರಿ ಬರುತ್ತದೆ. ಮಗಳು ಮನೆಯನ್ನು ಗೊತ್ತುಮಾಡುವ ಮೊದಲೇ ಆ ಕಚೇರಿಗೆ ಹೋಗಿ ಅರ್ಜಿ ತಂದಿಟ್ಟುಕೊಂಡಳು.

ಅವರು ಬರುವ ಆಗಸ್ಟಿನಲ್ಲಿ ಹೊರಡುತ್ತಾರೆ. ಮೊದಲ ವರ್ಷ ಮನೆಯೂ ಬಾಡಿಗೆಯದು, ಸ್ಕೀ ಹಲಗೆಗಳೂ ಬಾಡಿಗೆಯವು. ಎರಡು ಚಳಿಗಾಲ ಕಳೆಯುವವರೆಗೆ ಏನನ್ನೂ ಕೊಳ್ಳುವುದಿಲ್ಲವೆಂದು ಮಾತಾಗಿದೆ. ನನ್ನ ಹೆಂಡತಿ ಈಗ ದಿನವೂ ಸಂಜೆ ಮೊಮ್ಮಗನ ಜೊತೆ ಕುಳಿತು ಜರ್ಮನ್ ಭಾಷೆಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಾಳೆ. ಅವನು ಹನ್ನೆರಡಕ್ಕೆ ನಿಲ್ಲಿಸುತ್ತಾನೆ. ಅವಳು ಇಪ್ಪತ್ತು ಮುಟ್ಟಿದ್ದಾಳೆ.